ಗಂಡಸರು ಹೇಳಿಕೊಳ್ಳದ ಬೇನೆ



ಇವತ್ತಿನ ವಿಷಯ ಸ್ವಲ್ಪ ಸಂಕೋಚದ್ದು. ಮನೆಯವರೆಲ್ಲ ಕೂಡಿ ಕೇಳುವ ಹೊತ್ತಿನಲ್ಲಿ ಇದೇನು ಮಾತು ಎಂದು ರೇಡಿಯೋ ಬಂದ್ ಮಾಡಬೇಡಿ. ಇದರಲ್ಲಿ ಅಸಭ್ಯವಾದದ್ದು ಒಂದೂ ಇಲ್ಲ. ಕೈಗೆ ಕಾಲಿಗೆ ಬೇನೆ ಬರುವ ಹಾಗೆ ದೇಹದ ಇನ್ನೊಂದು ಭಾಗಕ್ಕೆ ಬರುವ ಬೇನೆಯ ಮಾತು ಇದು. ಗಂಡಸರ ಮೂತ್ರದ ಜಾಗದ ತುದಿಯನ್ನು ಮುಚ್ಚಿಕೊಂಡು ಒಂದು ಸಡಿಲ ತೊಗಲು ಇರುತ್ತದೆ. ಅದಕ್ಕೆ ಮುಂದೊಗಲು ಎನ್ನುತ್ತಾರೆ. ಅದು ಬಿಗಿಯಾಗುವುದು, ಬಾತುಕೊಳ್ಳುವುದು, ಒಡೆಯುವುದು, ಹುಣ್ಣಾಗುವುದು, ಇವುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹೇಳಲು ನೀನಾರು ಎಂದು ನೀವು ಕೇಳಬಹುದು. ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಿವೃತ್ತಿಯಾದ ಮೇಲೆ ಊರವರ ಜೊತೆ ದವಾಖಾನೆಗೆ ಹೋಗುವುದು, ಕೇಸ್ ಪೇಪರ್ ತೆಗೆಸುವುದು, ಡಾಕ್ಟರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಡಾಕ್ಟರಿಗೆ ತಿಳಿಸುವುದು ನನಗೆ ಒಂದು ಕೆಲಸವೇ ಆಗಿದೆ. ಹಾಗೆ ಹೋಗಿ ಬಂದು ಕೇಳಿ ತಿಳಿದದ್ದನ್ನು, ಓದಿ ಖಾತ್ರಿ ಮಾಡಿಕೊಂಡದ್ದನ್ನು ಹೇಳುತ್ತೇನೆ.

ನಮ್ಮ ಜನ ಸಂತೆಯಲ್ಲಿ ಮರಾಠಿಯನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಾರೆ. ದರ ಮಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಆದರೆ ಇಂಥ ಬೇನೆ ಹೇಳುವಾಗ ಬಾಯಿ ಕಟ್ಟುತ್ತದೆ. ಕನ್ನಡದಲ್ಲೇ ಬಾರದ ಮಾತು ಮರಾಠಿಯಲ್ಲಿ ಎಲ್ಲಿಂದ ಬರಬೇಕು? ಐವತ್ತು ದಾಟಿದ ಒಬ್ಬ ರೈತ ಡಾಕ್ಟರ ಮುಂದೆ ಕುಳಿತು ಮೂರು ಸಲ ‘ಪೋಟ ದುಖತಯ್’, ಹೊಟ್ಟೆ ನೋಯುತ್ತದೆ, ಎಂದು ಹೇಳಿ ಮೂರು ಸಲವೂ ಹೊಟ್ಟೆಯ ಗುಳಿಗೆ ತಂದ. ನಾಲ್ಕನೆಯ ಸಲ ನನ್ನನ್ನು ಕರೆದುಕೊಂಡು ಹೊರಟವನು ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ನಿಜ ಹೇಳಿದ. ಮೂತ್ರದ ಜಾಗದ ತೊಗಲು ನಾಲ್ಕು ತಿಂಗಳಿಂದ ಸೀಳಿ ಸೀಳಿ ಬಿಗಿಯಾಗಿ ಕೂತಿತ್ತು. ಹಿಂದೆ ಸರಿಯುತ್ತಿರಲಿಲ್ಲ. ಒಂದಕ್ಕೆ ಹೋದರೆ ಉರಿ. ನಾನು ಡಾಕ್ಟರಿಗೆ ಅದನ್ನೇ ಮರಾಠಿಯಲ್ಲಿ ಹೇಳಿದೆ. ಅವರು ನೋಡಿದರು, ನೋಡಿದ ಕೂಡಲೇ ರಕ್ತದ ಸಕ್ಕರೆ ತಪಾಸಣೆಗೆ ಬರೆದುಕೊಟ್ಟರು. ಸಕ್ಕರೆ ವಿಪರೀತ ಇತ್ತು. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಆ ಮನುಷ್ಯನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಈ ಮಾತನ್ನು ನೆನಪಿನಲ್ಲಿಡಿ. ಮೊದಲು ಚೆನ್ನಾಗಿದ್ದ ಮುಂದೊಗಲು ನಡುವಯಸ್ಸಿನಲ್ಲಿ ಬಿಗಿಯಾದರೆ, ಅದರ ತುದಿಯಲ್ಲಿ ಸಣ್ಣ ಸಣ್ಣ ಸೀಳು ಬಿದ್ದರೆ, ಪದೇ ಪದೇ ಕೆಂಪಾಗಿ ತುರಿಸಿ ಬಿಳಿ ಮೊಸರಿನಂಥದ್ದು ಕಂಡರೆ, ಸಕ್ಕರೆ ಕಾಯಿಲೆಯ ಮೊದಲ ಗುರುತು ಅದೇ ಇರಬಹುದು. ಸಕ್ಕರೆ ಹೆಚ್ಚಾದಾಗ ಮೂತ್ರದಲ್ಲಿಯೂ ಸಕ್ಕರೆ ಇಳಿಯುತ್ತದೆ. ತೊಗಲಿನ ಒಳಗೆ ಬೆಚ್ಚಗೆ, ತೇವವಾಗಿ ಇರುತ್ತದೆ. ಅಲ್ಲಿ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ ಬೆಳೆಯುತ್ತದೆ. ಬಾವು ಬರುತ್ತದೆ, ಮಾಯುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲ ಮಾಯುವಾಗ ತೊಗಲು ಇಷ್ಟಿಷ್ಟು ಗಟ್ಟಿಯಾಗುತ್ತ ಕೊನೆಗೆ ಹಿಂದೆ ಸರಿಯುವುದೇ ನಿಲ್ಲುತ್ತದೆ. ಆಗ ಬರೀ ಮುಲಾಮು ಹಚ್ಚಿದರೆ ಸಾಲದು, ಸಕ್ಕರೆಯನ್ನು ಹತೋಟಿಗೆ ತರಬೇಕು.

ಇನ್ನೊಂದು ವಿಷಯವನ್ನು ಸಕ್ಕರೆ ಕಾಯಿಲೆ ಇದ್ದವರು ತಿಳಿದಿರಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳಿವೆ. ಮೈಯಲ್ಲಿಯ ಹೆಚ್ಚಿನ ಸಕ್ಕರೆಯನ್ನು ಮೂತ್ರದ ಹಾದಿಯಿಂದ ಹೊರಗೆ ಹಾಕುವುದೇ ಅವುಗಳ ಕೆಲಸ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಔಷಧಿ ಅವು. ಆದರೆ ಮೂತ್ರದಲ್ಲಿ ಸಕ್ಕರೆ ಇಳಿಯುವುದರಿಂದ ಕೆಲವರಿಗೆ ಈ ಜಾಗದಲ್ಲಿ ತುರಿಕೆ, ಬಾವು ಬರುತ್ತದೆ. ಹಾಗಾದರೆ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಒಂದಕ್ಕೆ ಹೋಗಿ ಬಂದ ಮೇಲೆ ನೀರಿನಿಂದ ತೊಳೆದು ಒರೆಸಿಕೊಳ್ಳುವ ರೂಢಿ ಇಟ್ಟುಕೊಳ್ಳಿ.

ಈಗ ತಾಯಂದಿರು, ಅಜ್ಜಿಯರು ಸ್ವಲ್ಪ ಈ ಕಡೆ ಕಿವಿ ಕೊಡಬೇಕು. ಗಂಡು ಕೂಸಿನ ಮುಂದೊಗಲು ಹುಟ್ಟುವಾಗ ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ರೋಗವಲ್ಲ, ಪ್ರಕೃತಿ. ಇಂಗ್ಲೆಂಡಿನ ಮಕ್ಕಳ ಡಾಕ್ಟರು ಡಗ್ಲಸ್ ಗೇರ್ಡ್ನರ್ ಎಂಬವರು 1949ರಲ್ಲಿ ಇದರ ಮೇಲೆ ಒಂದು ಲೇಖನ ಬರೆದರು. ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ 4ಕ್ಕೆ ಮಾತ್ರ ತೊಗಲು ಪೂರಾ ಹಿಂದೆ ಸರಿಯುತ್ತಿತ್ತು. ಡೆನ್ಮಾರ್ಕಿನ ಯಾಕೊಬ್ ಓಸ್ಟರ್ ಎಂಬ ಡಾಕ್ಟರು ಶಾಲೆಯ ಹುಡುಗರನ್ನು ವರ್ಷಗಟ್ಟಲೆ ನೋಡಿ 1968ರಲ್ಲಿ ಬರೆದರು. ಆರೇಳು ವರ್ಷದ ಹುಡುಗರಲ್ಲಿ ನೂರಕ್ಕೆ 63 ಜನರಿಗೆ ತೊಗಲು ಇನ್ನೂ ಅಷ್ಟೋ ಇಷ್ಟೋ ಅಂಟಿಕೊಂಡಿತ್ತು. ಹದಿನಾರು ಹದಿನೇಳು ವರ್ಷದವರಲ್ಲಿ ಅದು ನೂರಕ್ಕೆ 3ಕ್ಕೆ ಇಳಿದಿತ್ತು. ಯಾರೂ ಏನೂ ಮಾಡದೆ ತಾನಾಗಿಯೇ ಬಿಟ್ಟುಕೊಂಡಿತ್ತು.

ಆದರೆ ನಮ್ಮ ಕೆಲವು ಮನೆಗಳಲ್ಲಿ ಏನು ನಡೆಯುತ್ತದೆ? ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ, ‘ಈಗಲೇ ಬಿಡಿಸದಿದ್ದರೆ ಮುಂದೆ ತ್ರಾಸ’ ಎಂದು ದಿನಾ ತೊಗಲನ್ನು ಹಿಂದಕ್ಕೆ ಎಳೆಯುತ್ತಾರೆ. ಮಾಡುವುದು ಪ್ರೀತಿಯಿಂದಲೇ. ಆದರೆ ಎಳೆದಾಗ ಒಳಗೆ ಹರಿಯುತ್ತದೆ, ರಕ್ತ ಬರುತ್ತದೆ, ಹರಿದಲ್ಲಿ ಕಲೆ ಬಿದ್ದು ಗಟ್ಟಿಯಾಗುತ್ತದೆ. ತಾನಾಗಿ ಸಡಿಲಾಗಬೇಕಾದದ್ದು ಕೈಯಾರೆ ಬಿಗಿಯಾಗುತ್ತದೆ. ದಯವಿಟ್ಟು ಎಳೆಯಬೇಡಿ. ಮೇಲಿಂದ ನೀರು ಹಾಕಿ ತೊಳೆದರೆ ಸಾಕು. ತೊಗಲಿನ ಕೆಳಗೆ ಬಿಳಿ ಗುಳ್ಳೆಯ ಹಾಗೆ ಕಂಡರೆ ಅದು ಬಹಳ ಸಲ ಕೀವು ಅಲ್ಲ, ಒಳಗಿನ ಜಿಡ್ಡು. ತಾನಾಗಿ ಹೊರಗೆ ಬರುತ್ತದೆ. ಒಂದಕ್ಕೆ ಹೋಗುವಾಗ ತೊಗಲು ಸ್ವಲ್ಪ ಉಬ್ಬುವುದೂ ಸಣ್ಣ ಮಕ್ಕಳಲ್ಲಿ ಉಂಟು. ಅಷ್ಟಕ್ಕೇ ಗಾಬರಿ ಬೇಡ. ಆದರೆ ಮಗು ಒಂದಕ್ಕೆ ಹೋಗುವಾಗ ಅಳುತ್ತಿದ್ದರೆ, ಮೂತ್ರ ಹನಿ ಹನಿಯಾಗಿ ಬೀಳುತ್ತಿದ್ದರೆ, ತುದಿ ಕೆಂಪಾಗಿ ಬಾತಿದ್ದರೆ, ಕಾರಣವಿಲ್ಲದೆ ಮತ್ತೆ ಮತ್ತೆ ಜ್ವರ ಬರುತ್ತಿದ್ದರೆ ತಡ ಮಾಡದೆ ತೋರಿಸಬೇಕು.

ಕೆಲವು ಹುಡುಗರಿಗೂ ದೊಡ್ಡವರಿಗೂ ತೊಗಲಿನ ಬಾಯಿಯ ಸುತ್ತ ಬಿಳಿ ಉಂಗುರದ ಹಾಗೆ ಗಟ್ಟಿ ಕಲೆ ಕಟ್ಟುತ್ತದೆ. ಅದು ಬೇರೆಯದೇ ಒಂದು ಚರ್ಮರೋಗ. ಅದು ತಾನಾಗಿ ಹೋಗುವಂಥದ್ದಲ್ಲ. ಬಿಟ್ಟರೆ ಮೂತ್ರದ ರಂಧ್ರವೂ ಸಣ್ಣದಾಗುತ್ತದೆ. ಮೂತ್ರದ ಧಾರೆ ದಾರದಷ್ಟು ತೆಳುವಾಯಿತು ಎಂದರೆ ಸುಮ್ಮನೆ ಕೂಡಬಾರದು.

ಇನ್ನು ತಾಸಿನ ಲೆಕ್ಕದಲ್ಲಿ ಓಡಬೇಕಾದ ಒಂದು ತೊಂದರೆ ಇದೆ. ಹಿಂದಕ್ಕೆ ಸರಿಸಿದ ಬಿಗಿ ತೊಗಲು ಮುಂದಕ್ಕೆ ಬಾರದೆ ಹಿಂದೆಯೇ ಸಿಕ್ಕಿಕೊಂಡರೆ, ಬೆರಳಿಗೆ ದಾರ ಬಿಗಿದ ಹಾಗೆ ಆಗುತ್ತದೆ. ತುದಿ ಬಾತುಕೊಳ್ಳುತ್ತದೆ, ಬಾತಷ್ಟೂ ಬಿಗಿ ಹೆಚ್ಚುತ್ತದೆ. ರಕ್ತದ ಓಡಾಟ ನಿಂತರೆ ಆ ಭಾಗ ಕಪ್ಪಾಗಿ ಸಾಯಬಹುದು. ‘ಬೆಳಗಾಗಲಿ, ನೋಡೋಣ’ ಎನ್ನುವ ಮಾತು ಇಲ್ಲಿ ಸಲ್ಲದು. ರಾತ್ರಿ ಹನ್ನೆರಡಾದರೂ ಹೋಗಬೇಕು. ಬೇಗ ಹೋದರೆ ಡಾಕ್ಟರು ಕೈಯಿಂದಲೇ ಒತ್ತಿ ಬಾವು ಇಳಿಸಿ ತೊಗಲನ್ನು ಮುಂದಕ್ಕೆ ತರುತ್ತಾರೆ. ತಡವಾದರೆ ಕೊಯ್ಯಬೇಕಾಗುತ್ತದೆ.

ಈ ತೊಂದರೆ ಮುದುಕರಿಗೆ ಹೆಚ್ಚಾಗಿ ಮೂತ್ರದ ನಳಿಗೆ ಹಾಕಿದ ಮೇಲೆ ಬರುತ್ತದೆ. ನಳಿಗೆ ಹಾಕಲು ತೊಗಲು ಹಿಂದೆ ಸರಿಸುತ್ತಾರೆ, ಕೆಲವೊಮ್ಮೆ ಗಡಿಬಿಡಿಯಲ್ಲಿ ಮುಂದಕ್ಕೆ ತರುವುದು ಮರೆತುಹೋಗುತ್ತದೆ. ಮುದುಕರು ಜ್ವರದಲ್ಲೋ ಮಂಪರಿನಲ್ಲೋ ಇರುತ್ತಾರೆ, ಹೇಳಲಾರರು. ಆದ್ದರಿಂದ ಅಪ್ಪನಿಗೆ, ಕಾಕಾನಿಗೆ ನಳಿಗೆ ಹಾಕಿದ್ದರೆ ಜೊತೆಗಿದ್ದ ಗಂಡುಮಕ್ಕಳು ನಾಚದೆ ಒಮ್ಮೆ ನೋಡಬೇಕು. ತೊಗಲು ಹಿಂದೆಯೇ ಉಳಿದಿದ್ದರೆ ಆಗಲೇ ನರ್ಸಮ್ಮನವರಿಗೆ ಹೇಳಬೇಕು. ಇದು ಮಗನ ಸೇವೆಯೇ ಹೊರತು ಮರ್ಯಾದೆ ಕಳೆಯುವ ಕೆಲಸವಲ್ಲ.

ಮದುವೆಯ ವಯಸ್ಸಿನ ಹುಡುಗರ ಮಾತಿಗೆ ಬರೋಣ. ತೊಗಲು ಬಿಗಿ ಇದ್ದರೆ, ಅಥವಾ ತುದಿಯ ಕೆಳಬದಿಗೆ ತೊಗಲನ್ನು ಹಿಡಿದಿರುವ ಸಣ್ಣ ಪಟ್ಟಿ ಗಿಡ್ಡದಾಗಿದ್ದರೆ ಗಂಡಹೆಂಡಿರ ಸಂಬಂಧದಲ್ಲಿ ನೋವಾಗುತ್ತದೆ, ಹರಿದು ರಕ್ತ ಬರುತ್ತದೆ. ಹುಡುಗ ಹೆದರುತ್ತಾನೆ, ದೂರ ಸರಿಯುತ್ತಾನೆ. ಎರಡು ವರ್ಷವಾದರೂ ತೊಟ್ಟಿಲು ತೂಗಲಿಲ್ಲ ಎಂದರೆ ಮಾತು ಬರುವುದು ಸೊಸೆಯ ಮೇಲೆ. ಅವಳನ್ನೇ ದೇವರಿಗೆ, ದವಾಖಾನೆಗೆ ಸುತ್ತಿಸುತ್ತಾರೆ. ಅವಳೂ ಹೇಳಲಾರಳು, ಅವನೂ ಹೇಳಲಾರ.

ನಾನು ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ, ಮದುವೆಯಾಗಿ ಒಂದು ವರ್ಷವೂ ಆಗದ ಒಬ್ಬ ಹುಡುಗ ತೊಗರಿ ಮಾರಿ ಇಟ್ಟಿದ್ದ ದುಡ್ಡನ್ನು ಒಂದೇ ತಿಂಗಳಲ್ಲಿ ಮೂರು ಸಲ ತೆಗೆದ. ಏನಪ್ಪಾ, ಬೋರು ಹೊಡೆಸುತ್ತೀಯಾ ಎಂದರೆ ತಲೆ ತಗ್ಗಿಸಿದ. ಆಮೇಲೆ ಒಂದು ದಿನ ತಾನಾಗಿ ಹೇಳಿದ. ರೈಲು ಹಾದಿಯ ಗೋಡೆಗಳ ಮೇಲೆ ‘ಗುಪ್ತ ರೋಗ, ಖಾತ್ರಿ ಇಲಾಜು’ ಎಂದು ಬರೆದಿರುತ್ತಾರಲ್ಲ, ಅಂಥವರೊಬ್ಬರ ಹತ್ತಿರ ಲಾಡ್ಜಿಗೆ ಹೋಗಿದ್ದ. ಅವರು ನೋಡದೆಯೇ ‘ಧಾತು ಹೋಗಿದೆ’ ಎಂದು ಪುಡಿ, ಎಣ್ಣೆ, ಗುಳಿಗೆ ಎಂದು ದುಡ್ಡು ಕಿತ್ತಿದ್ದರು. ಅವನಿಗೆ ಇದ್ದದ್ದು ಆ ಗಿಡ್ಡ ಪಟ್ಟಿಯ ತೊಂದರೆ ಮಾತ್ರ. ಸರ್ಜನ್ ಒಬ್ಬರು ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ಕೆಲಸ ಮಾಡಿ ಅದೇ ದಿನ ಮನೆಗೆ ಕಳಿಸಿದರು. ಅವನ ಮಗಳು ಈಗ ಕಾಲೇಜು ಕಲಿಯುತ್ತಿದ್ದಾಳೆ. ಗೋಡೆಯ ಮೇಲಿನ ಡಾಕ್ಟರು ಬದುಕುವುದು ನಮ್ಮ ನಾಚಿಕೆಯ ಮೇಲೆ.

ಮೆಡಿಕಲ್ ಅಂಗಡಿಯಲ್ಲಿ ಹೆಸರು ಹೇಳದೆ ‘ತುರಿಕೆಗೆ ಒಂದು ಟ್ಯೂಬ್ ಕೊಡು’ ಎನ್ನುವವರೂ ಇದ್ದಾರೆ. ಮೂರು ನಾಲ್ಕು ಔಷಧಿ ಕೂಡಿಸಿದ ಮುಲಾಮು ಹಚ್ಚಿದರೆ ಎರಡು ದಿನ ಆರಾಮ ಎನಿಸುತ್ತದೆ, ಒಳಗೆ ರೋಗ ಮುಸುಕು ಹಾಕಿಕೊಂಡು ಬೆಳೆಯುತ್ತದೆ. ಸುಣ್ಣ, ಬೂದಿ, ನೀರು ಬೆರೆಸದ ಡೆಟಾಲು ಹಚ್ಚಿ ತೊಗಲು ಸುಟ್ಟುಕೊಂಡವರೂ ಉಂಟು.

ಎಲ್ಲಕ್ಕಿಂತ ಭಾರವಾದ ಮಾತನ್ನು ಈಗ ಹೇಳುತ್ತೇನೆ. ಈ ಜಾಗಕ್ಕೂ ಕ್ಯಾನ್ಸರ್ ಬರುತ್ತದೆ. ಅದು ವಿರಳವೇ. ಆದರೆ ತೊಗಲು ಬಿಗಿಯಾಗಿ ವರ್ಷಗಟ್ಟಲೆ ಒಳಗೆ ತೊಳೆಯಲು ಬಾರದವರಿಗೆ, ಬೀಡಿ ತಂಬಾಕಿನ ಚಟ ಇದ್ದವರಿಗೆ, ಎಚ್‌ಪಿವಿ ಎಂಬ ವೈರಾಣು ತಗಲಿದವರಿಗೆ ಅಪಾಯ ಹೆಚ್ಚು. ಹೆಂಗಸರ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವುದೂ ಅದೇ ಜಾತಿಯ ವೈರಾಣು. ನೋವಿಲ್ಲದ ಒಂದು ಗಂಟು, ಮಾಯದ ಹುಣ್ಣು, ತೊಗಲಿನ ಒಳಗಿಂದ ವಾಸನೆಯ ನೀರು ಅಥವಾ ರಕ್ತ, ಇವು ಅದರ ಗುರುತುಗಳು. ತೊಗಲು ಮುಚ್ಚಿಕೊಂಡೇ ಇರುವುದರಿಂದ ಒಳಗಿನದು ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಕಡೆಯ ಹಿರಿಯರೊಬ್ಬರು ಎರಡು ವರ್ಷ ಇದನ್ನು ಮುಚ್ಚಿಟ್ಟರು. ಧೋತರ ಒಗೆಯುವಾಗ ಕಲೆ ಕಂಡು ಹೆಂಡತಿ ಕೇಳಿದರೆ ಬೈದು ಸುಮ್ಮನಾಗಿಸಿದರು. ದವಾಖಾನೆಗೆ ಹೋಗುವ ಹೊತ್ತಿಗೆ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿದ್ದವು. ಆ ಭಾಗವನ್ನೇ ತೆಗೆಯಬೇಕಾಯಿತು. ಎರಡು ವರ್ಷ ಮೊದಲು ಬಂದಿದ್ದರೆ ತೊಗಲಿನ ಮಟ್ಟಿಗೇ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಅವರಿಗೆ ತಿಳಿಸುವ ಪಾಳಿ ನನ್ನದಾಗಿತ್ತು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತಂದ ಹಾಗೆ ಎಂದು ಗಾದೆ ಹೇಳುತ್ತೇವೆ. ಆ ದಿನ ಆ ಗಾದೆ ನನ್ನ ಬಾಯಿಂದ ಹೊರಡಲಿಲ್ಲ. ಆ ಮನುಷ್ಯ ಗೋಡೆ ನೋಡುತ್ತ ಕೂತರು.

ಚಿಕಿತ್ಸೆ ಏನು ಎಂದು ಕೇಳುವಿರಿ. ಹುಡುಗರ ಬಿಗಿ ತೊಗಲಿಗೆ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ಹೇಳಿದ ಹಾಗೆ ಹಚ್ಚಿದರೆ ಬಹಳ ಜನರಿಗೆ ಸಡಿಲಾಗುತ್ತದೆ. ಇದೇ ಮುಲಾಮು ಬೂಷ್ಟು ಇದ್ದವರಿಗೆ ಕೇಡು ಮಾಡಬಹುದು, ಅದಕ್ಕೇ ನೋಡಿಸದೆ ಹಚ್ಚಬಾರದು. ಬೂಷ್ಟಿಗೆ ಬೇರೆ ಮುಲಾಮು ಇದೆ. ಹೆಂಡತಿಗೂ ತುರಿಕೆ ಇದ್ದರೆ ಇಬ್ಬರೂ ತೋರಿಸಬೇಕು. ಇವುಗಳಿಂದ ಗುಣವಾಗದಿದ್ದರೆ ತೊಗಲಿನ ಬಾಯಿಯನ್ನು ಅಗಲ ಮಾಡುವ ಸಣ್ಣ ಶಸ್ತ್ರಕ್ರಿಯೆ, ಇಲ್ಲವೆ ತೊಗಲನ್ನು ತೆಗೆಯುವ ಶಸ್ತ್ರಕ್ರಿಯೆ ಮಾಡುತ್ತಾರೆ. ದೊಡ್ಡವರಿಗೆ ಆ ಜಾಗ ಮರಗಟ್ಟಿಸಿ ಮಾಡಬಹುದು. ಗಾಯ ಪೂರಾ ಮಾಯಲು ನಾಲ್ಕರಿಂದ ಆರು ವಾರ ಗಂಡಹೆಂಡಿರು ದೂರ ಇರಬೇಕು.

‘ತೊಗಲು ತೆಗೆಸಿದರೆ ಮುಂಜಿ ಮಾಡಿಸಿದ ಹಾಗಾಯಿತಲ್ಲ, ಧರ್ಮ ಕೆಡುವುದಿಲ್ಲವೇ’ ಎಂದು ಕೆಲವರು ಕೇಳಿದ್ದುಂಟು. ಕೆಟ್ಟ ಹಲ್ಲು ಕೀಳಿಸಿದರೆ ಧರ್ಮ ಕೆಡುತ್ತದೆಯೇ? ರೋಗಕ್ಕೆ ಮಾಡುವ ಶಸ್ತ್ರಕ್ರಿಯೆಗೆ ಜಾತಿ ಧರ್ಮ ಇಲ್ಲ.

ಮುಸಲ್ಮಾನ ಬಾಂಧವರಿಗೂ ಒಂದು ಮಾತು. ಕೆಲವು ಕೂಸುಗಳಿಗೆ ಮೂತ್ರದ ರಂಧ್ರ ತುದಿಯಲ್ಲಿ ಇರದೆ ಕೆಳಬದಿಗೆ ಇರುತ್ತದೆ. ಅಂಥ ಕೂಸಿಗೆ ಸರ್ಜನ್‌ಗೆ ತೋರಿಸದೆ ಮುಂಜಿ ಮಾಡಿಸಬಾರದು. ರಂಧ್ರವನ್ನು ಸರಿಪಡಿಸಲು ಆ ತೊಗಲೇ ಬೇಕಾಗುತ್ತದೆ. ಸಣ್ಣ ಗಾಯಕ್ಕೂ ರಕ್ತ ನಿಲ್ಲದ ರೋಗ ಮನೆತನದಲ್ಲಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಹಾಗಾದರೆ ಎಲ್ಲರೂ ತೊಗಲು ತೆಗೆಸುವುದು ಒಳ್ಳೆಯದೇ? ದಕ್ಷಿಣ ಆಫ್ರಿಕಾ, ಕೆನ್ಯಾ, ಉಗಾಂಡಾ ದೇಶಗಳಲ್ಲಿ ಮಾಡಿದ ಮೂರು ಪರೀಕ್ಷೆಗಳ ಫಲಿತಾಂಶ 2005ರಿಂದ 2007ರೊಳಗೆ ಹೊರಬಂತು. ತೊಗಲು ತೆಗೆಸಿದ ಗಂಡಸರಿಗೆ ಹೆಂಗಸರಿಂದ ಎಚ್‌ಐವಿ ತಗಲುವುದು ನೂರಕ್ಕೆ ಸುಮಾರು 60ರಷ್ಟು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಅದನ್ನು ಸಲಹೆ ಮಾಡಿದ್ದು ಆ ರೋಗ ಬಹಳ ಹರಡಿದ್ದ ಪ್ರದೇಶಗಳಿಗೆ. ಅಲ್ಲಿಯೂ ನಿರೋಧ ಬಿಡಿ ಎಂದು ಹೇಳಲಿಲ್ಲ. ತೊಗಲು ಚೆನ್ನಾಗಿ ಸರಿಯುತ್ತಿದ್ದು ಶುಚಿಯಾಗಿದ್ದರೆ ಅದು ಇರುವುದರಿಂದ ತೊಂದರೆ ಇಲ್ಲ.

ಶುಚಿ ಎಂದರೆ ಏನು? ದೊಡ್ಡವರಾದವರು ದಿನಕ್ಕೊಮ್ಮೆ ಸ್ನಾನದಲ್ಲಿ ತೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ಬರೀ ನೀರಿನಿಂದ ತೊಳೆಯಬೇಕು, ಒರೆಸಬೇಕು, ಮತ್ತೆ ಮುಂದಕ್ಕೆ ತರಬೇಕು. ಖಾರ ಸಾಬೂನು ಬೇಡ. ಬಲವಂತ ಬೇಡ. ವಯಸ್ಸಿಗೆ ಬರುವ ಹುಡುಗನಿಗೆ ಇದನ್ನು ಅಪ್ಪನೋ ಮಾವನೋ ಒಮ್ಮೆ ಹೇಳಿಕೊಡಬೇಕು.

ಕೊನೆಗೆ ಮಾತಿನ ವಿಷಯ. ನನಗೆ ಎಲ್ಲರ ಜೊತೆ ಬರಲು ಆಗುವುದಿಲ್ಲ, ನೀವೇ ಹೇಳಲು ಕಲಿಯಬೇಕು. ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೋಗಿ, ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಈ ಒಂದು ವಾಕ್ಯ ಸಾಕು: ‘ಲಘವೀಚ್ಯಾ ಜಾಗೇಚೀ ಕಾತಡೀ ಮಾಗೇ ಸರಕತ ನಾಹೀ.’ ಮೂತ್ರದ ಜಾಗದ ತೊಗಲು ಹಿಂದೆ ಸರಿಯುವುದಿಲ್ಲ ಎಂದು ಅರ್ಥ. ಉರಿ ಇದ್ದರೆ ‘ಜಳಜಳ’, ತುರಿಕೆಗೆ ‘ಖಾಜ’, ಬಾವಿಗೆ ‘ಸೂಜ’, ಹುಣ್ಣು ಗಾಯಕ್ಕೆ ‘ಜಖಮ’. ಎಷ್ಟು ದಿನದಿಂದ ಎನ್ನುವುದನ್ನು ಕಡಿಮೆ ಮಾಡದೆ ಹೇಳಿ. ಬಾಯಿಂದ ಬರದಿದ್ದರೆ ಶಾಲೆಗೆ ಹೋಗುವ ಮಗನ ಕೈಯಿಂದ ಬೇಡ, ನಂಬಿಕೆಯ ಗೆಳೆಯನ ಕೈಯಿಂದ ಒಂದು ಚೀಟಿಯ ಮೇಲೆ ಬರೆಸಿ ಡಾಕ್ಟರ ಮೇಜಿನ ಮೇಲೆ ಇಡಿ. ಕಾಸರಗೋಡಿನವರು ಮಲಯಾಳದಲ್ಲಿ, ತಾಳವಾಡಿಯವರು ತಮಿಳಿನಲ್ಲಿ, ಮಡಕಶಿರದವರು ತೆಲುಗಿನಲ್ಲಿ ಇಂಥದ್ದೇ ಒಂದು ವಾಕ್ಯ ಸಿದ್ಧ ಮಾಡಿಟ್ಟುಕೊಳ್ಳಿ. ಡಾಕ್ಟರು ದಿನಕ್ಕೆ ಇಂಥ ಹತ್ತು ಜನರನ್ನು ನೋಡುವವರು. ನಿಮ್ಮನ್ನು ನೋಡಿ ನಗುವುದಿಲ್ಲ.

ಸಾಲ ಮುಚ್ಚಿಟ್ಟರೆ ಬಡ್ಡಿ ಬೆಳೆಯುತ್ತದೆ ಎಂದು ಬ್ಯಾಂಕಿನಲ್ಲಿ ದಿನಾ ಹೇಳುತ್ತಿದ್ದೆವು. ಬೇನೆಯ ಬಡ್ಡಿ ಅದಕ್ಕಿಂತ ಜೋರು. ಈ ಮಾತು ಕೇಳುತ್ತಿರುವ ಯಾರಿಗಾದರೂ ಇಂಥ ತೊಂದರೆ ಇದ್ದರೆ, ಬರುವ ಸೋಮವಾರವೇ ದವಾಖಾನೆಗೆ ಹೋಗಿ ತೋರಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.